ಉಪ್ಪು ತಿಂದ ಟ್ರೈಪಾಡಿಗೆ ಹೊಸ ಪಾದಗಳು: ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳಲ್ಲಿ ಹೊಂಬೆಳಕು ಹಿಡಿಯುವ ಸಿದ್ಧತೆ

ಮುಂಬೈಯ ಬಾಂದ್ರಾದಲ್ಲಿ ಕಡಲಂಚಿನ ಬ್ಯಾಂಡ್‌ಸ್ಟ್ಯಾಂಡಿಗೆ ಸಂಜೆಯ ಹೊಂಬೆಳಕನ್ನು ಹುಡುಕಿಕೊಂಡು ಕ್ಯಾಮೆರಾ ಸಮೇತ ಬರುವವರ ಮಾತುಕತೆ ಹೆಚ್ಚಾಗಿ ಲೆನ್ಸು, ಫಿಲ್ಟರು, ಸೆನ್ಸರುಗಳ ಸುತ್ತಲೇ ಇರುತ್ತದೆ. ಆ ಕಪ್ಪು ಬಂಡೆಗಳ ಮೇಲೆ ತೆಗೆದ ಚಿತ್ರಗಳು ಬಹುಪಾಲು ಕೆಡುವುದು ಮಾತ್ರ ಕ್ಯಾಮೆರಾದ ಕೆಳಗೆ, ಟ್ರೈಪಾಡಿನ ಕಾಲುಗಳು ಕಲ್ಲನ್ನು ಮುಟ್ಟುವ ಜಾಗದಲ್ಲಿ ಎಂಬುದು ನನ್ನ ಅಭಿಪ್ರಾಯ. ಹೀಗಾಗಿ ಈ ದಾಖಲೆಯ ಹೆಚ್ಚಿನ ಭಾಗ ಒಂದು ಹಳೆಯ ಅಲ್ಯುಮಿನಿಯಂ ಟ್ರೈಪಾಡಿನ ದುರಸ್ತಿಗೆ, ಅದಕ್ಕೆ ಮಾಡಿಸಿದ ಸ್ಟೀಲಿನ ಮೊನೆಪಾದಗಳಿಗೆ ಮೀಸಲಾಗಿದೆ. ಬೆಳಕಿನ ವಿಚಾರ ಆಮೇಲೆ ಬರುತ್ತದೆ.

ಕಾಲುಗಳಿಗೆ ಇಷ್ಟು ಮಹತ್ವ ಏಕೆಂದರೆ ನಮಗೆ ಸಿಗುವ ಸಮಯ ಬಹಳ ಕಡಿಮೆ. ಮುಂಬೈ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ವಿಷುವದ (ಹಗಲು-ರಾತ್ರಿ ಸಮನಾಗುವ ದಿನದ) ಆಸುಪಾಸಿನಲ್ಲಿ ಸೂರ್ಯ ಗಂಟೆಗೆ 14 ಡಿಗ್ರಿಗೂ ತುಸು ಹೆಚ್ಚಿನ ವೇಗದಲ್ಲಿ ಇಳಿಯುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲಿರುವಾಗ ಬೆಳಕು ಹೊಂಬಣ್ಣಕ್ಕೆ ತಿರುಗುತ್ತದೆ ಎಂದಿಟ್ಟುಕೊಂಡರೆ ಅಲ್ಲಿಂದ ಸೂರ್ಯಾಸ್ತಕ್ಕೆ ಸುಮಾರು 25 ನಿಮಿಷ. ಅಸ್ತದ ನಂತರ ಆಕಾಶದ ಕೆಂಪು ಬಂಡೆಯ ಮೇಲೆ ಉಳಿಯುವ ಅವಧಿಯನ್ನು ಸೇರಿಸಿದರೂ ಒಟ್ಟು ಮುಕ್ಕಾಲು ಗಂಟೆ ದಾಟುವುದಿಲ್ಲ. ಉತ್ತರ ಯುರೋಪಿನ ಛಾಯಾಗ್ರಾಹಕರು ಬೇಸಿಗೆಯಲ್ಲಿ ಗಂಟೆಗಟ್ಟಲೆ ಅನುಭವಿಸುವ ಬೆಳಕನ್ನು ನಾವು ಇಷ್ಟರಲ್ಲೇ ಮುಗಿಸಬೇಕು. ಕಾಲಿನ ಉದ್ದವನ್ನು ಹಿಡಿದಿಡುವ ಒಂದು ಬೀಗ ತಿರುಗದೆ ಹತ್ತು ನಿಮಿಷ ಹೋದರೆ ಆ ಸಂಜೆಯ ಕಾಲುಭಾಗವೇ ಹೋದಂತೆ.

ಟ್ರೈಪಾಡಿನ ಸ್ಥಿತಿ

ಇದು ನಾಲ್ಕು ಹಂತಗಳಲ್ಲಿ ಉದ್ದವಾಗುವ, ತಿರುಗಿಸಿ ಬಿಗಿಮಾಡುವ ಬೀಗಗಳುಳ್ಳ ಟ್ರೈಪಾಡ್. ಮಳೆಗಾಲ ಪೂರ್ತಿ ಕಪಾಟಿನಲ್ಲಿದ್ದು ಹೊರಬಂದಾಗ ಮೂರು ಕಾಲುಗಳ ಅತಿ ಕೆಳಗಿನ ಬೀಗಗಳು ಕಚ್ಚಿಕೊಂಡಿದ್ದವು. ರಬ್ಬರ್ ಪಾದಗಳು ಗಟ್ಟಿಯಾಗಿ ಬಿರುಕುಬಿಟ್ಟಿದ್ದವು; ಅವನ್ನು ಹಿಡಿದಿದ್ದ ಸ್ಟೀಲಿನ ತಿರುಪುಗಳ ಸುತ್ತ ಕಂದು ತುಕ್ಕು, ಅದರಾಚೆ ಅಲ್ಯುಮಿನಿಯಂ ಕೊಳವೆಯ ಬಾಯಲ್ಲಿ ಬಿಳಿ ಹಿಟ್ಟಿನಂಥ ಪದರ.

ಸಮುದ್ರದ ನೀರು ಒಣಗಿದರೂ ಉಪ್ಪು ಕೀಲಿನೊಳಗೆ ಉಳಿಯುತ್ತದೆ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವಾಂಶ 75 ಶೇಕಡಾ ದಾಟಿದ ಕೂಡಲೇ ತಾನಾಗಿ ನೀರೂರಿ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗಾದರೆ ಅದರ ಅರ್ಧಕ್ಕಿಂತ ಕಡಿಮೆ ತೇವಾಂಶವೂ ಸಾಕು. ಮುಂಬೈಯ ಮಳೆಗಾಲದಲ್ಲಿ ಈ ಮಿತಿ ದಿನವೂ ದಾಟುವುದರಿಂದ, ಕಪಾಟಿನಲ್ಲಿಟ್ಟ ಟ್ರೈಪಾಡಿನ ಕೀಲುಗಳು ತಿಂಗಳುಗಟ್ಟಲೆ ಉಪ್ಪುನೀರಿನಲ್ಲೇ ಇದ್ದಂತಾಗುತ್ತದೆ. ಆ ಉಪ್ಪುನೀರಿನಲ್ಲಿ ಸ್ಟೀಲೂ ಅಲ್ಯುಮಿನಿಯಮ್ಮೂ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಪುಟ್ಟದೊಂದು ವಿದ್ಯುತ್ಕೋಶವೇ ಸಿದ್ಧವಾದಂತೆ. ಅದರಲ್ಲಿ ಸವೆಯುವ ಸರದಿ ಅಲ್ಯುಮಿನಿಯಮ್ಮಿನದು. ಸವೆದು ಹುಟ್ಟುವ ಬಿಳಿ ಆಕ್ಸೈಡು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಇದ್ದ ಸಂದನ್ನೆಲ್ಲ ತುಂಬಿ ತಿರುಪನ್ನು ಬಿಗಿದುಬಿಡುತ್ತದೆ. ಬೀಗ ಕಚ್ಚಿಕೊಳ್ಳುವುದಕ್ಕೆ ಮರಳೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ಮರಳಾದರೆ ತಿರುಗಿಸುವಾಗ ಕರಕರ ಸದ್ದು ಮಾಡುತ್ತದೆ, ಆದರೂ ತಿರುಗುತ್ತದೆ. ಸದ್ದಿಲ್ಲದೆ ಅಲುಗಾಡದಂತೆ ಹಿಡಿಯುವುದು ಈ ಬಿಳಿ ಹಿಟ್ಟು.

ಬಿಚ್ಚುವುದು

ಕಚ್ಚಿಕೊಂಡ ಬೀಗವನ್ನು ಇಕ್ಕಳದಿಂದ ಹಿಡಿದು ತಿರುಗಿಸಿದರೆ ಕೊಳವೆ ಚಪ್ಪಟೆಯಾಗುವ ಅಪಾಯವಿದೆ. ಅಲ್ಯುಮಿನಿಯಂ ಕೊಳವೆ ಒಮ್ಮೆ ಅಂಡಾಕಾರಕ್ಕೆ ತಿರುಗಿತೆಂದರೆ ಆ ಕಾಲು ಮತ್ತೆ ನೇರವಾಗಿ ಜಾರುವುದಿಲ್ಲ. ಆದ್ದರಿಂದ ಮೊದಲು ಉದ್ದನೆಯ ಬಕೆಟಿನಲ್ಲಿ ಕೈ ತಾಳುವಷ್ಟು ಬಿಸಿಯಾದ ಸಿಹಿನೀರು ತುಂಬಿಸಿ ಕಾಲುಗಳನ್ನು ಅದರಲ್ಲಿ ನಿಲ್ಲಿಸಿ, ನೀರು ತಣಿದಂತೆಲ್ಲ ಬದಲಿಸುತ್ತ ಅರ್ಧ ದಿನ ಬಿಟ್ಟೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಗೆ ಇದಕ್ಕಿಂತ ಅಕ್ಷರಶಃ ಉದಾಹರಣೆ ಸಿಗಲಾರದು. ಬಳಿಕ ಹಳೆಯ ಚರ್ಮದ ಬೆಲ್ಟನ್ನು ಬೀಗದ ರಬ್ಬರ್ ಕೊರಳಿಗೆ ಎರಡು ಸುತ್ತು ಸುತ್ತಿ, ತುದಿಯನ್ನು ಎಳೆದು ತಿರುಗಿಸಿದೆ. ಬೆಲ್ಟು ಕೊರಳಿನ ಸುತ್ತಲೂ ಸಮನಾಗಿ ಹಿಡಿಯುವುದರಿಂದ ಕೊಳವೆ ನಜ್ಜುಗುಜ್ಜಾಗುವುದಿಲ್ಲ. ಎರಡು ಬೀಗಗಳು ಹೀಗೆ ಬಿಟ್ಟುಕೊಂಡವು. ಮೂರನೆಯದಕ್ಕೆ ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಯೂ ಬೇಕಾಯಿತು.

ಒಳಗಿನ ಪ್ಲಾಸ್ಟಿಕ್ ಪಟ್ಟಿಗಳನ್ನು, ಅಂದರೆ ಕೊಳವೆ ತಿರುಗದಂತೆ, ಅಲುಗಾಡದಂತೆ ಹಿಡಿಯುವ ಎರಡೆರಡು ಅರ್ಧವೃತ್ತದ ತುಂಡುಗಳನ್ನು, ಒಂದು ಕಾಲಿನದು ಇನ್ನೊಂದಕ್ಕೆ ಬೆರೆಯದಂತೆ ಗುರುತು ಹಾಕಿಡಬೇಕು. ವರ್ಷಗಟ್ಟಲೆ ಸವೆದ ಪಟ್ಟಿ ತನ್ನದೇ ಕೊಳವೆಗೆ ಹೊಂದಿಕೊಂಡಿರುತ್ತದೆ. ಅದಲುಬದಲಾದರೆ ಒಂದು ಕಾಲು ಸಡಿಲ, ಮತ್ತೊಂದು ಬಿಗಿ. ಬಿಳಿ ಹಿಟ್ಟನ್ನು ತೆಗೆಯಲು ಅಡುಗೆಮನೆಯ ವಿನೆಗರನ್ನು ಅಷ್ಟೇ ನೀರಿನಲ್ಲಿ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಥ್ರೆಡ್ಡುಗಳ (ತಿರುಪಿನ ಸುತ್ತುಗೆರೆಗಳ) ಉದ್ದಕ್ಕೂ ಉಜ್ಜಿ, ಕೆಲವೇ ನಿಮಿಷಗಳಲ್ಲಿ ಸಿಹಿನೀರಿನಿಂದ ಚೆನ್ನಾಗಿ ತೊಳೆದೆ. ಮೋರಿ ಸ್ವಚ್ಛಗೊಳಿಸಲು ಬಳಸುವ ಕಾಸ್ಟಿಕ್ ಸೋಡವನ್ನಾಗಲಿ ಬಚ್ಚಲು ತೊಳೆಯುವ ಆ್ಯಸಿಡನ್ನಾಗಲಿ ಇದರ ಹತ್ತಿರ ತರಬಾರದು. ಎರಡೂ ಹಿಟ್ಟಿನೊಂದಿಗೆ ಅಲ್ಯುಮಿನಿಯಮ್ಮನ್ನೂ ತಿನ್ನುತ್ತವೆ.

ಪಾದದ ತಿರುಪುಗಳ ಕೆಲಸ ಇದಕ್ಕಿಂತ ಕಠಿಣವಾಗಿತ್ತು. ತುಕ್ಕು ಬಿಡಿಸುವ ಎಣ್ಣೆಯನ್ನು ರಾತ್ರಿಯಿಡೀ ಇಂಗಲು ಬಿಟ್ಟು, ಬೆಳಿಗ್ಗೆ ಕೊಳವೆಯ ತುದಿಗೆ ಬಿಸಿಗಾಳಿ ಕೊಟ್ಟೆ. ಬಿಸಿಗೆ ಅಲ್ಯುಮಿನಿಯಂ ಸ್ಟೀಲಿಗಿಂತ ಹೆಚ್ಚು ಹಿಗ್ಗುವುದರಿಂದ, ಹೊರಗಿನ ಅಲ್ಯುಮಿನಿಯಂ ಗೂಡು ಒಳಗಿನ ಸ್ಟೀಲ್ ತಿರುಪನ್ನು ಕೂದಲೆಳೆಯಷ್ಟು ಸಡಿಲ ಬಿಡುತ್ತದೆ. ಎರಡು ತಿರುಪುಗಳು ಬಂದವು. ಮೂರನೆಯದರ ಕುತ್ತಿಗೆಯಲ್ಲಿ ಲೋಹ ಹೆಚ್ಚು ಉಳಿದಿರಲಿಲ್ಲ. ತುಕ್ಕು ತಿಂದ ಕುತ್ತಿಗೆ ಮುರಿದು ಉಳಿದ ತುಂಡು ಗೂಡಿನೊಳಗೆ ನಿಂತಿತು. ಹೇಗೂ ಹೊಸ ಪಾದಗಳನ್ನು ಮಾಡಿಸಬೇಕಾಗಿದ್ದುದರಿಂದ ಅದನ್ನೂ ಲೇತ್ (ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ) ಕೆಲಸದವರಿಗೇ ಒಪ್ಪಿಸುವುದೆಂದು ತೀರ್ಮಾನಿಸಿದೆ.

ಯಾವ ಸ್ಟೀಲು, ಯಾವ ಥ್ರೆಡ್ಡು

ರಬ್ಬರ್ ಪಾದ ಒಣಕಲ್ಲಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳು ದಖ್ಖನ್ ಲಾವಾ ಯುಗದ ವಂಶದವು. ಆ ಲಾವಾ ಪ್ರವಾಹಗಳ ಮುಖ್ಯ ಕಾಲ ಸುಮಾರು 6.5 ಕೋಟಿ ವರ್ಷಗಳ ಹಿಂದಿನದು. ಇಂಥ ಕಲ್ಲಿನ ಮೈಯಲ್ಲಿ ಅನಿಲದ ಗುಳ್ಳೆಗಳು ಬಿಟ್ಟ ಸಣ್ಣ ಕುಳಿಗಳು, ಸೀಳುಗಳು, ಅಲೆ ಕೊರೆದ ತಗ್ಗುಗಳು ಹೇರಳವಾಗಿರುತ್ತವೆ. ರಬ್ಬರಿನ ಅಗಲವಾದ ತಳ ಈ ಕುಳಿಗಳಿಗೆ ಇಳಿಯಲಾರದೆ ಮೇಲೆಯೇ ತೇಲುತ್ತದೆ, ಮೊನೆಯಾದರೆ ಕುಳಿಯಲ್ಲಿ ಕೂರುತ್ತದೆ. ಹಾಗಾಗಿ ಮೊನೆಪಾದವೇ ಬೇಕೆಂದಾಯಿತು.

ಸ್ಟೀಲಿನ ಆಯ್ಕೆಗೆ ಗುಲಾಲವಾಡಿಯ ಕೀಕಾ ಸ್ಟ್ರೀಟಿಗೆ ಹೋದೆ. ಪಾತ್ರೆಗಳಿಗೆ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕೆಲ್ ಇರುತ್ತದೆ. ಸಮುದ್ರದ ಕ್ಲೋರೈಡಿಗೆ ಅದರ ಮೈಮೇಲೂ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. 316 ದರ್ಜೆಯಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಸೇರಿರುವುದರಿಂದ ಅದು ಆ ತೂತುಗಳನ್ನು ಹೆಚ್ಚು ಕಾಲ ತಡೆಯುತ್ತದೆ. ಎರಡೂ ಕಣ್ಣಿಗೆ ಒಂದೇ, ಆಯಸ್ಕಾಂತಕ್ಕೂ ಒಂದೇ. ಅಂಗಡಿಯವರು ರಾಡಿನ ಕತ್ತರಿಸಿದ ಮೈಮೇಲೆ ಮಾಲಿಬ್ಡಿನಂ ಪರೀಕ್ಷೆಯ ದ್ರವದ ಹನಿ ಬಿಟ್ಟು, ಪುಟ್ಟ ಬ್ಯಾಟರಿ ತಗುಲಿಸಿ, ಹನಿಯ ಬಣ್ಣ ತಿರುಗುವುದನ್ನು ತೋರಿಸಿ ಕೊಟ್ಟರು. 19 ಮಿ.ಮೀ. ವ್ಯಾಸದ ರಾಡನ್ನೇ ಆರಿಸಿದ್ದಕ್ಕೆ ಒಂದು ಬೇರೆ ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ.

ಈ ಟ್ರೈಪಾಡಿನ ಪಾದದ ಗೂಡಿನಲ್ಲಿರುವುದು ಎಂಟರಲ್ಲಿ ಮೂರು ಇಂಚಿನ, ಇಂಚಿಗೆ 16 ಸುತ್ತುಗಳ ಥ್ರೆಡ್. ಕ್ಯಾಮೆರಾ ತಿರುಪುಗಳನ್ನು ನಿಗದಿಪಡಿಸುವ ಐಎಸ್‌ಒ 1222 ಮಾನದಂಡದಲ್ಲಿ ಬರುವ ಎರಡು ಅಳತೆಗಳಲ್ಲಿ ದೊಡ್ಡದು ಇದೇ. ಚಿಕ್ಕದು ಕಾಲು ಇಂಚಿನ, ಇಂಚಿಗೆ 20 ಸುತ್ತುಗಳದು. ನಾಗದೇವಿ ಸ್ಟ್ರೀಟಿನ ಬೋಲ್ಟ್ ಅಂಗಡಿಗಳಲ್ಲಿ ಇದೇ ಅಳತೆಯೆಂದು ಕೊಡುವುದು ಹಲವು ಬಾರಿ ಬ್ರಿಟಿಷ್ ವಿಟ್‌ವರ್ತ್ ಬೋಲ್ಟನ್ನು. ಅದರಲ್ಲೂ ಇಂಚಿಗೆ 16 ಸುತ್ತುಗಳೇ ಇರುವುದರಿಂದ ಕೂರುತ್ತದೆ, ಆದರೆ ಅದರ ಥ್ರೆಡ್ಡಿನ ಕೋನ 55 ಡಿಗ್ರಿ, ನಮಗೆ ಬೇಕಾದ ಯೂನಿಫೈಡ್ ಥ್ರೆಡ್ಡಿನದು 60 ಡಿಗ್ರಿ. ಆಗೊಮ್ಮೆ ಈಗೊಮ್ಮೆ ಬಳಸುವುದಕ್ಕೆ ತೊಂದರೆಯಿಲ್ಲ. ಇಡೀ ಭಾರ ಹೊರುವ ಪಾದಕ್ಕೆ ಮಾತ್ರ ಸರಿಯಾದುದನ್ನೇ ಕೊರೆಸಬೇಕು. 10 ಮಿ.ಮೀ. ಮೆಟ್ರಿಕ್ ಬೋಲ್ಟನ್ನು ಬಲವಂತವಾಗಿ ತುರುಕುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರ ವ್ಯಾಸ ಅರ್ಧ ಮಿಲಿಮೀಟರಿನಷ್ಟು ಹೆಚ್ಚು, ಸುತ್ತುಗಳ ಅಂತರವೂ ಬೇರೆ. ಅಲ್ಯುಮಿನಿಯಂ ಗೂಡು ಒಂದೇ ಬಾರಿಗೆ ಹಾಳಾಗುತ್ತದೆ.

ಲೇತಿನ ಮುಂದೆ

ಸಾಕಿನಾಕಾದ ಒಂದು ಗಾಲಾದಲ್ಲಿ (ಸಣ್ಣ ಕಾರ್ಖಾನೆಯ ಕೋಣೆಯಲ್ಲಿ) ಲೇತ್ ನಡೆಸುವ ಹಿರಿಯರು ಬಾಗಲಕೋಟೆ ಕಡೆಯವರು. ಕನ್ನಡ ಕೇಳಿದ್ದೇ ತಡ, ಚಹಾ ತರಿಸಿ, ನನ್ನ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಕ್ಷೆಯಲ್ಲಿ 60 ಡಿಗ್ರಿಯ ಶಂಕುವಿನ ತುದಿ ಪೂರ್ತಿ ಚೂಪಾಗಿತ್ತು.

"ತುದಿ ಇಷ್ಟ ಚೂಪ ಮಾಡಿದ್ರ ಕಲ್ಲಿಗೆ ಬಡದು ಮುರೀತೈತ್ರಿ ಸರ. ಒಂದೀಟು ಗುಂಡಗ ಬಿಡೂಣು," ಎಂದರು.

"ಎಷ್ಟು ಬಿಡಬೇಕಂತೀರಿ ಯಜಮಾನ್ರೇ?"

"ಒಂದು ಎಮ್ಮೆಮ್ ಸಾಕ್ರಿ. ಕಲ್ಲಿನ್ಯಾಗ ಕೂಡ್ತೈತಿ, ಮುರಿಯೂದುಲ್ಲ."

ಹಾಗೆಯೇ ಆಯಿತು. ಶಂಕುವಿನ ತುದಿಗೆ ಒಂದು ಮಿಲಿಮೀಟರ್ ತ್ರಿಜ್ಯದ ದುಂಡು, ಪಾದದ ಒಟ್ಟು ಉದ್ದ ತಿರುಪನ್ನು ಬಿಟ್ಟು 40 ಮಿ.ಮೀ., ಮೇಲ್ಭಾಗದಲ್ಲಿ 17 ನಂಬರಿನ ಪಾನ (ಸ್ಪ್ಯಾನರ್) ಹಿಡಿಯಲು ಎದುರುಬದುರಾಗಿ ಎರಡು ಚಪ್ಪಟೆ ಮುಖಗಳು, ಅದರ ಮೇಲೆ 12 ಮಿ.ಮೀ. ಉದ್ದದ ತಿರುಪು. 316 ಸ್ಟೀಲನ್ನು ಕೊರೆಯುವಾಗ ಉಳಿ ಕತ್ತರಿಸದೆ ಬರೀ ಉಜ್ಜಿದರೆ ಲೋಹದ ಮೈ ಅಲ್ಲಿಯೇ ಗಡುಸಾಗಿ ಮುಂದಿನ ಸುತ್ತಿಗೆ ಉಳಿಯ ಮೊನೆಯನ್ನೇ ತಿಂದುಹಾಕುತ್ತದೆ. ಆದುದರಿಂದ ಹಿರಿಯರು ವೇಗ ಕಡಿಮೆಯಿಟ್ಟು, ನಡುವೆ ಎಲ್ಲೂ ನಿಲ್ಲಿಸದೆ, ಕೂಲಂಟ್ ಹರಿಸುತ್ತಲೇ ಆಳವಾಗಿ ಕೊರೆದರು. ಥ್ರೆಡ್ಡನ್ನು ಡೈ (ಥ್ರೆಡ್ ಕೊರೆಯುವ ಅಚ್ಚು) ಹಾಕಿ ಎಳೆಯದೆ ಉಳಿಯಿಂದಲೇ ಹಲವು ಸುತ್ತುಗಳಲ್ಲಿ ತೆಗೆದು, ಥ್ರೆಡ್ ಗೇಜಿನ ಹಲ್ಲುಗಳಿಗೆ ಹೊಂದಿಸಿ ಬೆಳಕಿಗೆ ಹಿಡಿದು ನೋಡಿದರು. ಲೋಹದಂಗಡಿಗಳ ಪೇಟೆಯಲ್ಲಿ ಸಿದ್ಧ ಮೊನೆಗಳು ಸಿಗುತ್ತವೆಯೇ ಎಂದು ಹುಡುಕುತ್ತ ಅಲೆಯುವುದಕ್ಕಿಂತ ಇಂಥ ಕೈಗಳ ಮುಂದೆ ಒಂದು ಮಧ್ಯಾಹ್ನ ಕೂರುವುದು ಮೇಲು.

ಮುರಿದ ತಿರುಪಿನ ತುಂಡಿನ ನಡುವೆ ಪಂಚಿನಿಂದ ಗುರುತು ಹೊಡೆದು, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ ಕೊನೆಗೆ ಹದಿನಾರರಲ್ಲಿ ಐದು ಇಂಚಿನ, ಅಂದರೆ ಸುಮಾರು 7.9 ಮಿ.ಮೀ. ರಂಧ್ರಕ್ಕೆ ತಂದು, ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ ಹಳೆಯ ಥ್ರೆಡ್ಡುಗಳನ್ನು ಮತ್ತೆ ತೆರೆಸಿದರು. ಮೃದುವಾದ ಅಲ್ಯುಮಿನಿಯಂ ಗೂಡಿನಲ್ಲಿ ಗಡುಸು ಸ್ಟೀಲಿನ ತುಂಡನ್ನು ಕೊರೆಯುವಾಗ ಡ್ರಿಲ್ಲು ಮೃದುವಾದ ಬದಿಗೆ ಸರಿಯಲು ನೋಡುತ್ತದೆ. ಇಲ್ಲಿಯೂ ತುಸು ಸರಿಯಿತು. ಆ ಕಾಲಿನ ಪಾದ ನಿಖರವಾಗಿ ನೇರ ಕೂರುವುದಿಲ್ಲ. ಕಾಲುಗಳು ಹೇಗೂ ಓರೆಯಾಗಿಯೇ ನಿಲ್ಲುವುದರಿಂದ ಬಳಕೆಯಲ್ಲಿ ಅದು ಗೊತ್ತಾಗುವುದಿಲ್ಲ.

ಜೋಡಣೆ

ಸ್ಟೇನ್‌ಲೆಸ್ ಸ್ಟೀಲೂ ಅಲ್ಯುಮಿನಿಯಮ್ಮೂ ಮತ್ತೆ ಮುಖಾಮುಖಿಯಾದಾಗ ಹಳೆಯ ರೋಗ ಮರುಕಳಿಸದೆ ಇರಬೇಕಾದರೆ ಎರಡರ ನಡುವೆ ಉಪ್ಪುನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಪಾದದ ಭುಜಕ್ಕೂ ಕೊಳವೆಯ ತುದಿಗೂ ನಡುವೆ ಒಂದು ನೈಲಾನ್ ವಾಷರ್ ಇಟ್ಟೆ. ಥ್ರೆಡ್ಡುಗಳಿಗೆ, ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟನ್ನು ಧಾರಾಳವಾಗಿ ಹಚ್ಚಿದೆ. ತಿಂಗಳಿಗೊಮ್ಮೆ ಪಾದಗಳನ್ನು ಬಿಚ್ಚಿ, ಒರೆಸಿ, ಮತ್ತೆ ಹಚ್ಚುವುದು ಇದರ ಮುಂದುವರಿಕೆ. ಬೀಗಗಳ ಥ್ರೆಡ್ಡುಗಳಿಗೆ ತೆಳುವಾಗಿ ಗ್ರೀಸ್ ಸಾಕು. ಕೊಳವೆಯ ಹೊರಮೈಗೂ ಪ್ಲಾಸ್ಟಿಕ್ ಪಟ್ಟಿಗಳಿಗೂ ಎಣ್ಣೆ ಅಥವಾ ಗ್ರೀಸ್ ಸೋಕಬಾರದು, ಏಕೆಂದರೆ ಬೀಗ ನಿಲ್ಲುವುದೇ ಅಲ್ಲಿನ ಘರ್ಷಣೆಯಿಂದ. ಎಣ್ಣೆ ಸವರಿದ ಕಾಲು ಮನೆಯಲ್ಲಿ ಸೊಗಸಾಗಿ ಜಾರುತ್ತದೆ, ಬಂಡೆಯ ಮೇಲೆಯೂ ಕ್ಯಾಮೆರಾದ ಭಾರಕ್ಕೆ ಹಾಗೆಯೇ ಜಾರುತ್ತದೆ.

ಇನ್ನು 19 ಮಿ.ಮೀ. ರಾಡಿನ ಕಾರಣ. ಮೊನೆಪಾದಗಳ ಟ್ರೈಪಾಡನ್ನು ಸಂಜೆಯ ಲೋಕಲ್ ರೈಲಿನಲ್ಲಿ ತೆಗೆದುಕೊಂಡು ಹೋಗುವುದು ಸಹಪ್ರಯಾಣಿಕರ ಕಾಲುಗಳಿಗೆ ಒಳ್ಳೆಯದಲ್ಲ. ಔಷಧಿ ಅಂಗಡಿಯಲ್ಲಿ ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಷ್ ಸಿಗುತ್ತದೆ. ಅದರ ಒಳಅಳತೆಗೆ ಈ ರಾಡು ಸರಿಹೊಂದುವುದರಿಂದ ಮೂರು ಬುಷ್‌ಗಳು ಮೊನೆಗಳಿಗೆ ಟೋಪಿಯಾದವು. ಮನೆಯ ಟೈಲ್ಸಿನ ಮೇಲೆ, ಕಟ್ಟಡದ ಗಚ್ಚಿಯ ಮೇಲೆ ಚಿತ್ರ ತೆಗೆಯುವಾಗಲೂ ಅವನ್ನು ತೆಗೆಯಬೇಕಾಗಿಲ್ಲ. ಇಡೀ ಯೋಜನೆಯಲ್ಲಿ ಅತ್ಯಂತ ಅಗ್ಗದ ಭಾಗವೂ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗವೂ ಇದೇ.

ಅಲುಗಾಟದ ಪರೀಕ್ಷೆ

ಸಮುದ್ರಕ್ಕೆ ಒಯ್ಯುವ ಮೊದಲು ಕಟ್ಟಡದ ಉದ್ದನೆಯ ಪ್ಯಾಸೇಜಿನಲ್ಲಿ ಟ್ರೈಪಾಡನ್ನು ನಿಲ್ಲಿಸಿ, ಕ್ಯಾಮೆರಾದ ಮೇಲೆ ಒಂದು ಲೇಸರ್ ಪಾಯಿಂಟರನ್ನು ಕಟ್ಟಿ, 10 ಮೀಟರ್ ದೂರದ ಗೋಡೆಯ ಮೇಲೆ ಗ್ರಾಫ್ ಕಾಗದ ಅಂಟಿಸಿದೆ. ಬಿಂದು ಆ ಕಾಗದದ ಮೇಲೆ ಒಂದು ಮಿಲಿಮೀಟರ್ ಸರಿದರೆ ಕ್ಯಾಮೆರಾ ತಿರುಗಿದ್ದು ಒಂದು ರೇಡಿಯನ್ನಿನ (ಕೋನದ ಅಳತೆ, ಸುಮಾರು 57 ಡಿಗ್ರಿ) ಹತ್ತುಸಾವಿರದಲ್ಲಿ ಒಂದು ಭಾಗ. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಸೆನ್ಸರಿನ ಒಂದೊಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್ ಇರುವುದರಿಂದ, 50 ಮಿ.ಮೀ. ಲೆನ್ಸಿನಲ್ಲಿ ಅದು ಹೆಚ್ಚುಕಡಿಮೆ ಒಂದು ಪಿಕ್ಸೆಲಿನ ಅಲುಗಾಟ. ಅಂದರೆ ಗ್ರಾಫಿನ ಒಂದೊಂದು ಚಿಕ್ಕ ಚೌಕವೂ ಒಂದೊಂದು ಪಿಕ್ಸೆಲ್ ಎಂದು ಲೆಕ್ಕ ಹಿಡಿದು ಬರಿಗಣ್ಣಿನಿಂದಲೇ ಓದಬಹುದು.

ಕಾಲಿಗೆ ಬೆರಳಿನಿಂದ ತಟ್ಟಿ ಬಿಂದು ನಿಲ್ಲುವುದನ್ನು ನೋಡಿದಾಗ ಎರಡು ಸಂಗತಿಗಳು ಸ್ಪಷ್ಟವಾದವು. ಟೈಲ್ಸಿನ ಮೇಲೆ ರಬ್ಬರ್ ಬುಷ್ ಹಾಕಿದಾಗ ಅಲುಗಾಟ ಬೇಗ ತಣಿಯುತ್ತದೆ, ಬರಿಮೊನೆಯಲ್ಲಿ ಹೆಚ್ಚು ಹೊತ್ತು ಕಂಪಿಸುತ್ತದೆ. ಕಟ್ಟಡದ ಹಿಂಬದಿ ಬಿದ್ದಿದ್ದ ಒರಟು ಕಲ್ಲಿನ ಚಪ್ಪಡಿಯ ಕುಳಿಗಳಲ್ಲಿ ಮೊನೆಗಳನ್ನು ಕೂರಿಸಿ, ನಡುಗಂಬದ ಕೊಕ್ಕೆಗೆ ಕ್ಯಾಮೆರಾ ಚೀಲವನ್ನು ತೂಗುಹಾಕಿ, ಚೀಲ ನೆಲವನ್ನು ತುಸು ಮುಟ್ಟುವಂತೆ ಬಿಟ್ಟಾಗ ಎಲ್ಲಕ್ಕಿಂತ ಬೇಗ ನಿಂತಿತು. ಚೀಲ ಪೂರ್ತಿ ಗಾಳಿಯಲ್ಲಿ ತೂಗಿದರೆ ಅದೇ ಲೋಲಕವಾಗಿ ಟ್ರೈಪಾಡನ್ನು ಅಲುಗಾಡಿಸುತ್ತದೆ. ಭಾರ ತೂಗುಹಾಕಬೇಕೆಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ, ನೆಲ ಮುಟ್ಟಿಸಬೇಕೆಂಬುದನ್ನು ಮಾತ್ರ ಸೇರಿಸುವುದಿಲ್ಲ.

ಪಂಚಾಂಗ ನೋಡಿ ಹೊರಡುವುದು

ಬಂಡೆಗಳ ಮೇಲೆ ಎಲ್ಲಿ ನಿಲ್ಲಬಹುದೆಂಬುದನ್ನು ನಿರ್ಧರಿಸುವುದು ಸಮುದ್ರದ ಉಬ್ಬರ-ಇಳಿತ. ಮುಂಬೈಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಸುಮಾರಿಗೆ ಉಬ್ಬರದ ನೀರು ನಾಲ್ಕು ಮೀಟರ್ ಮೀರಿ ಏರುತ್ತದೆ, ಇಳಿತದಲ್ಲಿ ಒಂದು ಮೀಟರಿಗಿಂತ ಕೆಳಗೆ ಹೋಗುತ್ತದೆ. ಈ ನಗರದ ಮಟ್ಟಿಗೆ ಒಂದು ಅನುಕೂಲದ ಹೊಂದಾಣಿಕೆಯಿದೆ: ಹುಣ್ಣಿಮೆ, ಅಮಾವಾಸ್ಯೆಗಳಂದು ಉಬ್ಬರ ಬರುವುದು ನಡುಹಗಲು ಹನ್ನೆರಡರ ಆಸುಪಾಸಿನಲ್ಲಿ, ಇಳಿತ ಸಂಜೆ ಆರರ ಆಸುಪಾಸಿನಲ್ಲಿ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷದಂತೆ ಹಿಂದೆ ಬೀಳುತ್ತ ಹೋಗುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಸಂಜೆ ನೀರು ಎಲ್ಲಿರುತ್ತದೆಂಬ ಅಂದಾಜು ಸಿಗುತ್ತದೆ. ನಿಖರವಾದ ಗಂಟೆಯನ್ನು ಮುದ್ರಿತ ಉಬ್ಬರದ ಪಟ್ಟಿಯಿಂದ ಖಚಿತಪಡಿಸಿಕೊಳ್ಳಬೇಕು.

ನನಗೆ ಬೇಕಾದುದು ಹೊಂಬೆಳಕಿನ ವೇಳೆ ನೀರು ಇಳಿಯುತ್ತಿರುವ ಸಂಜೆ. ಬಿದಿಗೆಯಿಂದ ಚೌತಿಯವರೆಗಿನ ದಿನಗಳಲ್ಲಿ ಇಳಿತದ ಕೊನೆ ಸೂರ್ಯಾಸ್ತದ ನಂತರ ಬರುವುದರಿಂದ, ನಾವು ನಿಂತ ಬಂಡೆಯಿಂದ ನೀರು ದೂರ ಸರಿಯುತ್ತಿರುತ್ತದೆ. ಆಗತಾನೆ ನೀರಿನಿಂದ ಮೇಲೆದ್ದ ಕಲ್ಲು ಒದ್ದೆಯಾಗಿದ್ದು ಬೆಳಕನ್ನು ಹಿಂದಿರುಗಿಸುತ್ತದೆ. ಏಕಾದಶಿ, ದ್ವಾದಶಿಗಳಂದು ಹೋದರೆ ಲೆಕ್ಕ ತಿರುಗುಮುರುಗು: ಸಂಜೆ ನಾಲ್ಕರ ಹೊತ್ತಿಗೆ ಬಂಡೆಗಳೆಲ್ಲ ಬಯಲಾಗಿ ಆಹ್ವಾನಿಸುತ್ತವೆ, ಚಿತ್ರದಲ್ಲಿ ಮುಳುಗಿರುವಾಗ ನೀರು ಹಿಂದಿನ ತಗ್ಗುಗಳನ್ನು ತುಂಬಿಕೊಂಡು ದಾರಿ ಕಡಿದುಹಾಕುತ್ತದೆ. ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಜನ ಸಿಕ್ಕಿಬೀಳುವುದು ಹೀಗೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಥಿ ಯಾವುದೇ ಇರಲಿ ಬಂಡೆಗೆ ಇಳಿಯಬಾರದು. ಮುಂಗಾರಿನ ಅಲೆ ಪಟ್ಟಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಬಂಡೆಯ ಮೇಲೆ

ಮೊದಲ ನಿಜವಾದ ಪರೀಕ್ಷೆಗೆ ಡಿಸೆಂಬರಿನ ಒಂದು ಸಂಜೆಯನ್ನು ಆರಿಸಿಕೊಂಡೆ. ಆ ತಿಂಗಳಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮಕ್ಕಲ್ಲ, ಅಲ್ಲಿಂದ ಸುಮಾರು 25 ಡಿಗ್ರಿ ದಕ್ಷಿಣಕ್ಕೆ. ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಚಳಿಗಾಲದಲ್ಲಿ ಕ್ಯಾಮೆರಾವನ್ನು ದಡದ ಉದ್ದಕ್ಕೆ ಉತ್ತರದತ್ತ ತಿರುಗಿಸಿದರೆ ಬೆಳಕು ಎಡಬದಿಯಿಂದ ಬಂಡೆಗಳ ಮೈಯನ್ನು ಸವರಿಕೊಂಡು ಬಂದು ಒಂದೊಂದು ಕುಳಿಯ ನೆರಳನ್ನೂ ಎಬ್ಬಿಸುತ್ತದೆ. ದಕ್ಷಿಣಕ್ಕೆ ತಿರುಗಿಸಿದರೆ ಚೌಕಟ್ಟಿನೊಳಗೆ ಬಾಂದ್ರಾ-ವರ್ಲಿ ಸೇತುವೆ ಬರುತ್ತದೆ. 2009ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯ ಕೇಬಲ್ಲುಗಳು ನನ್ನ ಪಾಲಿಗೆ ದೃಶ್ಯಕ್ಕಿಂತ ಅಳತೆಗೋಲಾಗಿ ಹೆಚ್ಚು ಉಪಯೋಗಕ್ಕೆ ಬಂದವು. ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿದಾಗ ಓರೆಯಾದ ಆ ತೆಳುಗೆರೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಂಡರೆ ಟ್ರೈಪಾಡ್ ನಿಂತಿದೆ ಎಂದರ್ಥ. ಕೂಡಿಕೊಂಡು ಬೂದು ಪರದೆಯಾದರೆ ಕಾಲು ಅಲುಗಿದೆ.

ಕಾಲುಗಳನ್ನು ಉದ್ದ ಮಾಡುವಾಗ ಅತಿ ಕೆಳಗಿನ, ಅತಿ ತೆಳುವಾದ ಹಂತವನ್ನು ಮೊದಲು ಒಂದು ಗೇಣಿನಷ್ಟು ಎಳೆದು ಬಿಗಿಗೊಳಿಸಿದೆ. ಬಳಿಕವೇ ಮೇಲಿನ ಹಂತಗಳು. ತೆಳುವಾದ ಹಂತ ಅಷ್ಟೊಂದು ಗಟ್ಟಿಯಲ್ಲವೆಂಬುದು ನಿಜ, ಆದರೆ ಹೀಗೆ ಮಾಡಿದಾಗ ತಗ್ಗಿನ ನೀರಿನಲ್ಲಿ ಕಾಲಿಟ್ಟರೂ ಕೆಳಗಿನ ಬೀಗ ಉಪ್ಪುನೀರಿಗಿಂತ ಮೇಲಿರುತ್ತದೆ. ಇಡೀ ದುರಸ್ತಿಯನ್ನು ಮುಂದೂಡುವ ಅಭ್ಯಾಸ ಇದೊಂದೇ. ಮೂರು ಮೊನೆಗಳನ್ನೂ ಕುಳಿಗಳಲ್ಲಿ ಕೂರಿಸಿ, ಪ್ರತಿಯೊಂದರ ಮೇಲೂ ಕೈಯಿಂದ ಭಾರ ಹಾಕಿ ನೋಡಿದೆ. ಒಂದು ಕಾಲು ಸಮುದ್ರದ ಕಡೆಗೆ, ಎರಡು ನನ್ನ ಕಡೆಗೆ. ಪಾಚಿಯ ಮೇಲೂ ಜಾರಲಿಲ್ಲ. ಚಿಪ್ಪುಗಳು ಕಚ್ಚಿಕೊಂಡ ಜಾಗದಲ್ಲಿ ಮಾತ್ರ ಮೊನೆ ಚಿಪ್ಪನ್ನು ಒಡೆದು ತುಸು ಕುಸಿಯಿತು; ಅಂಥಲ್ಲಿ ಇಡಬಾರದೆಂದು ಗುರುತಿಸಿಕೊಂಡೆ.

ಬೆಳಕಿನ ಲೆಕ್ಕ ಹೀಗಿತ್ತು. ಸೂರ್ಯ ಮುಳುಗುವ ಮುನ್ನ, ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100, ಲೆನ್ಸಿನ ರಂಧ್ರ ಎಫ್ 11ರಲ್ಲಿದ್ದಾಗ ಶಟರ್ ವೇಗ ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗದ ಸುತ್ತಮುತ್ತ ಸಿಗುತ್ತದೆ. ಅಲೆ ಬಂಡೆಯಿಂದ ಹಿಂದೆ ಸರಿಯುವಾಗ ಬಿಳಿ ಗೆರೆಗಳಾಗಿ ಕಾಣಬೇಕಾದರೆ ಅರ್ಧ ಸೆಕೆಂಡು ಬೇಕು, ಅದಕ್ಕೆ ನಾಲ್ಕು ಸ್ಟಾಪಿನ, ಅಂದರೆ ಬೆಳಕನ್ನು ನಾಲ್ಕು ಬಾರಿ ಅರ್ಧಕ್ಕಿಳಿಸುವ, ಎನ್‌ಡಿ ಫಿಲ್ಟರ್ ಸಾಕು. ಮೂವತ್ತು ಸೆಕೆಂಡು ಬಿಟ್ಟು ಸಮುದ್ರವನ್ನು ಮಂಜಿನಂತೆ ಮಾಡುವ ರೂಢಿ ನನಗೆ ಹಿಡಿಸುವುದಿಲ್ಲ. ಬಂಡೆಗೆ ಬಡಿಯುವ ನೀರಿಗೆ ಭಾರವಿದೆ ಎಂಬುದೇ ಅಂಥ ಚಿತ್ರಗಳಲ್ಲಿ ಕಾಣೆಯಾಗುತ್ತದೆ. ಅಸ್ತದ ನಂತರ ಬೆಳಕು ಎಂಟರಲ್ಲಿ ಒಂದು ಭಾಗಕ್ಕೆ ಇಳಿದಾಗ ಫಿಲ್ಟರಿಲ್ಲದೆಯೇ ಕಾಲು ಸೆಕೆಂಡು ತಾನಾಗಿ ಬರುತ್ತದೆ.

ಬಣ್ಣವನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಹಗಲಿನ ಬಿಸಿಲಿಗೆ, ಸುಮಾರು 5,500 ಕೆಲ್ವಿನ್‌ಗೆ, ಕಟ್ಟಿಹಾಕಿದೆ. ದಿಗಂತದ ಸೂರ್ಯನ ಬೆಳಕು ನಡುನೆತ್ತಿಯದಕ್ಕಿಂತ ಮೂವತ್ತಕ್ಕೂ ಹೆಚ್ಚು ಪಟ್ಟು ದಪ್ಪದ ಗಾಳಿಯನ್ನು ಹಾಯ್ದು ಬರುವುದರಿಂದ ನೀಲಿ ಚದುರಿ ಹೋಗಿ ಹಳದಿ-ಕೆಂಪು ಉಳಿಯುತ್ತದೆ. ಸ್ವಯಂಚಾಲಿತ ವೈಟ್ ಬ್ಯಾಲೆನ್ಸು ಅದನ್ನೇ ದೋಷವೆಂದು ತಿಳಿದು ತಿದ್ದುತ್ತದೆ, ಹೊನ್ನಿನ ಬಣ್ಣದ ಕಲ್ಲು ಬೂದಿಯಾಗುತ್ತದೆ. ಪೋಲರೈಸರನ್ನು ಚೀಲದಲ್ಲೇ ಬಿಟ್ಟೆ. ಅದು ಒದ್ದೆ ಬಂಡೆಯ ಹೊಳಪನ್ನು ತೆಗೆಯುತ್ತದೆ; ಕಪ್ಪು ಬಸಾಲ್ಟಿಗೆ ಸಂಜೆಯ ಬಣ್ಣ ಬರುವುದೇ ಆ ಹೊಳಪಿನಿಂದ.

ಆಕಾಶಕ್ಕೂ ನೆರಳಿನ ಬಂಡೆಗೂ ಐದಾರು ಸ್ಟಾಪಿನ ಅಂತರವಿತ್ತು. ಉತ್ತರಕ್ಕೆ ತಿರುಗಿದಾಗ ಮೂರು ಸ್ಟಾಪಿನ ಮೃದು ಅಂಚಿನ ಗ್ರಾಜುಯೇಟೆಡ್ ಫಿಲ್ಟರ್ (ಮೇಲರ್ಧ ಮಾತ್ರ ಕಪ್ಪಾದದ್ದು) ಸಾಕಾಯಿತು. ಸೇತುವೆಯ ಕಡೆ ಅದನ್ನು ಬಳಸಿದರೆ ಗೋಪುರಗಳ ಮೇಲ್ತುದಿ ಕಾರಣವಿಲ್ಲದೆ ಕಪ್ಪಾಗುತ್ತದೆ. ಅಲ್ಲಿ ಆಕಾಶಕ್ಕೊಂದು, ಬಂಡೆಗೊಂದು ಎಂದು ಎರಡು ಎಕ್ಸ್‌ಪೋಷರ್ ತೆಗೆದು ಆಮೇಲೆ ಸೇರಿಸುವುದೇ ಸರಿ. ಎರಡು ಚಿತ್ರಗಳು ಪಿಕ್ಸೆಲಿಗೆ ಪಿಕ್ಸೆಲ್ ಕೂಡಬೇಕಾದರೆ ನಡುವೆ ಕ್ಯಾಮೆರಾ ಕದಲಬಾರದು. ಮೊನೆಪಾದಗಳ ನಿಜವಾದ ಲಾಭ ಗೊತ್ತಾಗಿದ್ದು ಇಲ್ಲಿಯೇ: ಹಳೆಯ ರಬ್ಬರ್ ಪಾದಗಳ ಕಾಲದ ಜೋಡಿಗಳಲ್ಲಿ ಕೇಬಲ್ಲುಗಳು ಎರಡೆರಡಾಗಿ ಕಾಣುತ್ತಿದ್ದವು, ಈಗಿನವುಗಳಲ್ಲಿ ಒಂದೇ ಗೆರೆ.

ತೊಳೆಯುವುದು, ಉಳಿದ ಕೆಲಸ

ಮನೆಗೆ ಬಂದ ರಾತ್ರಿಯೇ ಕಾಲುಗಳನ್ನು ಪೂರ್ತಿ ಉದ್ದ ಮಾಡಿ, ಬೀಗಗಳನ್ನು ಬಿಗಿಯಾಗಿಟ್ಟು ಹೊರಗಿನಿಂದ ಸಿಹಿನೀರು ಹೊಯ್ಯಬೇಕು. ಬೀಗ ಸಡಿಲವಿದ್ದರೆ ಹೊರಗಿನ ಉಪ್ಪು, ಮರಳು ನೀರಿನೊಂದಿಗೆ ಒಳಗಿಳಿಯುತ್ತದೆ. ಆಮೇಲೆ ಕೆಳಗಿನ ಬೀಗಗಳನ್ನು ಮಾತ್ರ ಬಿಚ್ಚಿ ಬೇರೆ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಚ್ಚಿಟ್ಟಂತೆಯೇ ಬಿಡುತ್ತೇನೆ. ಒಣಗುವ ಮುನ್ನ ಮಡಚಿಟ್ಟರೆ ತೊಳೆದುದೆಲ್ಲ ವ್ಯರ್ಥ.

ಎರಡು ಕೆಲಸಗಳು ಬಾಕಿಯಿವೆ. ಕಾಲುಗಳು ಅಗಲವಾಗಿ ತೆರೆದಾಗ ಮೊನೆ ಕಲ್ಲಿಗೆ ಓರೆಯಾಗಿ ತಾಗುವುದರಿಂದ ಶಂಕುವಿನ ಪಕ್ಕೆ ಮುಟ್ಟುತ್ತದೆ. ಬಹಳ ತಗ್ಗಿನಿಂದ ಚಿತ್ರ ತೆಗೆಯುವಾಗ ಹಿಡಿತ ಕಡಿಮೆ. ಉಳಿದ ರಾಡಿನಲ್ಲಿ 45 ಡಿಗ್ರಿಯ, ಇನ್ನಷ್ಟು ನೀಳವಾದ ಮೊನೆಗಳನ್ನು ಕೊರೆಸಿ ಹೋಲಿಸಿ ನೋಡಬೇಕೆಂದಿದ್ದೇನೆ; ಸಾಕಿನಾಕಾದ ಹಿರಿಯರು ಅಷ್ಟು ನೀಳವಾದರೆ ಬಾಗುತ್ತದೆಂದು ಈಗಾಗಲೇ ತಕರಾರು ತೆಗೆದಿದ್ದಾರೆ. ಇನ್ನೊಂದು, ಒಂದು ಕಾಲಿನ ಪ್ಲಾಸ್ಟಿಕ್ ಪಟ್ಟಿಗಳು ಸವೆದು ತೆಳುವಾಗಿವೆ. ಬೋರಾ ಬಝಾರಿನ ಕ್ಯಾಮೆರಾ ಅಂಗಡಿಗಳಲ್ಲಿ ಈ ಮಾದರಿಯ ಬಿಡಿಭಾಗ ಸಿಗಲಿಲ್ಲವಾದ್ದರಿಂದ, ಸದ್ಯಕ್ಕೆ ಅವುಗಳ ಒಳಮೈಗೆ ತೆಳುವಾದ ಪಾಲಿಯೆಸ್ಟರ್ ಟೇಪಿನ ಒಂದು ಪದರ ಅಂಟಿಸಿ ಬಿಗಿತವನ್ನು ಸರಿದೂಗಿಸಿದ್ದೇನೆ.